ಏಳು ಮೀಟರ್ ದೂರದ ಭಯ

“ಜೋರ್ಲೆ ಒಗೀರಿ ಮಾಸ್ತರ! ಕೂಸಿಗೆ ಚೆಂಡು ಉಳ್ಳಿಸಿದಂಗ ಒಗೀತೀರಲ್ಲ?”

ಇಂಡಿ ಊರಿನ ಮೈದಾನದಲ್ಲಿ ಗೋಲಿನ ಮುಂದೆ ಎರಡೂ ಕೈ ಅಗಲಿಸಿ ನಿಂತಿದ್ದಳು ಸುವರ್ಣಾ. ಹೊರ್ತಿಯ ಕಾಳಪ್ಪನ ಮಗಳು, ಭಾರತದ ಮಹಿಳಾ ಹ್ಯಾಂಡ್‌ಬಾಲ್ ತಂಡದ ಗೋಲ್‌ಕೀಪರ್! ಏಷ್ಯಾದ ಟೂರ್ನಿಗೆ ಇನ್ನು ಇಪ್ಪತ್ತೇ ದಿನ. ಪರದೇಶದ ಹುಡುಗಿಯರ ಹೊಡೆತ ಗಂಡಸರಷ್ಟೇ ಬಿರುಸು ಅಂತ, ಅಭ್ಯಾಸಕ್ಕೆ ಗಂಡು ಆಟಗಾರರನ್ನು ಕರೆಸುವುದು ರೂಢಿ. ಹಾಗೆ ಸಿಂದಗಿಯಿಂದ ಬಂದವನು ಪರಶು, ಹೈಸ್ಕೂಲಿನ ಪಿ.ಟಿ. ಮಾಸ್ತರ. ಎತ್ತರದ ಆಳು, ಮಾತು ಕಮ್ಮಿ. ಇವತ್ತೇ ಮೊದಲು ನೋಡಿದ್ದು.

“ಬಡದ್ರ ಬೈಬ್ಯಾಡ್ರಿ ಮತ್ತ.”

“ಬಡದ್ರ ನನ್ನ ಮಾರಿಗೆ ಬಡೀತೈತಿ, ನಿಮ್ದೇನು ಗಂಟು ಹೋಗ್ತೈತಿ?”

ಪರಶು ನಕ್ಕ. ಗೋಲಿನಿಂದ ಏಳು ಮೀಟರ್ ದೂರದ ಪೆನಾಲ್ಟಿ ಗೆರೆಯಲ್ಲಿ ನಿಂತು ತೋಳು ಹಿಂದಕ್ಕೆಳೆದ...

ಫಟ್!

ಕತ್ತಲೆ. ಬಾಯಲ್ಲಿ ರಕ್ತದ ರುಚಿ. ಕಷ್ಟಪಟ್ಟು ಒಂದು ಕಣ್ಣು ತೆರೆದಾಗ ಸುತ್ತ ಗೆಳತಿಯರು ಬಗ್ಗಿದ್ದರು. ಆ ಗೆರೆಯ ಮೇಲೆ ಮಾತ್ರ ಯಾರೂ ಇರಲಿಲ್ಲ.

ಹೋಗೇ ಬಿಟ್ಟನಾ? ಸತ್ತಳೋ ಬದುಕಿದಳೋ ಅಂತ ಒಂದು ಮಾತೂ ಕೇಳದೆ?

ಹುಬ್ಬಿನ ನಾಲ್ಕು ಹೊಲಿಗೆ ವಾರದಲ್ಲಿ ಬಿಚ್ಚಿದರು. ಆದರೆ ಒಳಗೆ ಏನೋ ಹರಿದಿತ್ತು. ಅದಕ್ಕೆ ಹೊಲಿಗೆ ಹಾಕುವವರು ಯಾರು?

ಟೂರ್ನಿಯ ಮೊದಲ ಪಂದ್ಯದಲ್ಲೇ ಗೊತ್ತಾಯಿತು. ಎದುರಾಳಿಯ ತೋಳು ಮೇಲೆದ್ದರೆ ಸಾಕು, ಅವಳ ರೆಪ್ಪೆ ತಾನಾಗಿ ಮುಚ್ಚುತ್ತಿತ್ತು! ಮುಚ್ಚಬೇಡ ಅಂದಷ್ಟೂ ಮುಚ್ಚುತ್ತಿತ್ತು. ಚೆಂಡು ಬಲೆಗೆ ಬಿದ್ದ ಸದ್ದು ಕೇಳಿದ ಮೇಲೇ ಕಣ್ಣು ತೆರೆಯುವುದು. ಆಡಿದ್ದು ಮೂರು, ಗೆದ್ದದ್ದು ಸೊನ್ನೆ. ಕೊನೆಯ ಪಂದ್ಯದಲ್ಲಿ ಬಿಟ್ಟುಕೊಟ್ಟದ್ದು ಮೂವತ್ತೆಂಟು ಗೋಲು! ತಂಡದ ಅಂತರರಾಷ್ಟ್ರೀಯ ದಾಖಲೆಯ ಪಟ್ಟಿಗೆ ಆ ಅಂಕಿ ಸೇರಿತು. ಮುಂದೆ ಯಾರು ತೆಗೆದು ನೋಡಿದರೂ ಅದು ಅಲ್ಲೇ ಇರುತ್ತದೆ...

ಈಗ ಎಂಟು ತಿಂಗಳಾಗಿತ್ತು. ಸೋಮವಾರ ಮತ್ತೆ ಆಯ್ಕೆ. ಅಲ್ಲೂ ರೆಪ್ಪೆ ಮುಚ್ಚಿದರೆ ನೀಲಿ ಜೆರ್ಸಿ ಮುಗಿದಂತೆಯೇ.

ಅದೇ ತಂಡದ ಕೌಸರ ಬಸವನ ಬಾಗೇವಾಡಿಯಿಂದ ಹೊರ್ತಿಗೆ ಬಂದಿದ್ದಳು. ಅಂಗಳದಲ್ಲಿ ಚಹಾ ಕುಡಿಯುತ್ತ ಇದ್ದಕ್ಕಿದ್ದಂತೆ ಖಾಲಿ ಕೈ ಬೀಸಿದಳು. ಸುವರ್ಣಾಳ ಕಣ್ಣು ಗಪ್ಪನೆ ಮುಚ್ಚಿತು.

“ಅಯ್ಯ ನಮ್ಮವ್ವ! ನನ್ನ ಬರಿಗೈಗೇ ಹಿಂಗಾದ್ರ ಹೆಂಗ?”

“ನಗಬ್ಯಾಡ ಕೌಸರ... ರಾತ್ರಿ ಕಣ್ಣು ಮುಚ್ಚಾಕೂ ಅಂಜಿಕಿ, ಹಗಲೊತ್ತು ತೆರ್ಯಾಕೂ ಅಂಜಿಕಿ.”

“ಯಾರು ಒಗದ್ರೋ ಅವರ ಕಡಿಂದನ ಒಗಿಸ್ಕೋ.”

“ಆ ಓಡಿ ಹೋದ ಹೇಡಿ ಕಡಿಂದನಾ?”

ಕೌಸರ ಕಪ್ಪು ಕೆಳಗಿಟ್ಟಳು. “ಓಡಿ ಹೋದ ಅಂದವರ‍್ಯಾರು? ಏಳು ಮೀಟರ್ ಹೊಡೆತ ಸುಮ್ಮನ ನಿಂತ ಕೀಪರ್ ಮಾರಿಗೆ ಬಡದ್ರ ಏನು ಶಿಕ್ಷಾ?”

“ಕೆಂಪು ಕಾರ್ಡ್. ಅಂಗಳ ಬಿಟ್ಟು ಹೊರಗ...”

ಸುವರ್ಣಾಳ ಕಣ್ಣ ಮುಂದೆ ಆ ಖಾಲಿ ಗೆರೆ ಬಂತು.

“ಅಂದು ರೆಫರಿ ಇರ್ಲಿಲ್ಲ. ಮಾಸ್ತರ ತನಗ ತಾನ ಕಾರ್ಡ್ ಕೊಟ್ಕೊಂಡಾನ! ದವಾಖಾನಿ ಗೇಟಿನ ಹೊರಗ ಸಂಜೀತನಕ ನಿಂತಿದ್ದ. ಅವತ್ತಿಂದ ಚೆಂಡು ಮುಟ್ಟಿಲ್ಲ. ಹೇಳಬ್ಯಾಡ ಅಂತ ಆಣಿ ಹಾಕಿಸ್ಕೊಂಡಿದ್ದ, ಇವತ್ತು ಮುರದೆ.”

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೇ ಸುವರ್ಣಾ ಸಿಂದಗಿಯ ಶಾಲೆಯ ಮೈದಾನದಲ್ಲಿದ್ದಳು. ಸುಣ್ಣದ ಗೆರೆ ಎಳೆಯುತ್ತಿದ್ದ ಪರಶು ಅವಳನ್ನು ಕಂಡವನೇ ಗೆರೆಯಾಚೆ ಹೋಗಿ ನಿಂತ. ಪಾಪ, ಈಗಲೂ!

“ಒಳಗ ಬರ್ರಿ. ನನಗ ಚೆಂಡು ಒಗೀಬೇಕು ನೀವು.”

“ಆಗೂದಿಲ್ರಿ. ನಿಮ್ಮ ಕಣ್ಣು ಹೋಗಿದ್ರ? ಚೆಂಡು ಹಿಡದ್ರ ಸಾಕು, ಕೈ ಥರಥರ ನಡಗತಾವ.”

“ಕೆಂಪು ಕಾರ್ಡ್ ಒಂದು ಆಟಕ್ಕಷ್ಟ ರೀ ಮಾಸ್ತರ, ಎಂಟು ತಿಂಗಳಿಗಲ್ಲ!”

ಅವನು ತಲೆ ತಗ್ಗಿಸಿದ. “ನೀವು ಅಲುಗಾಡಿರ್ಲಿಲ್ಲ. ತಪ್ಪು ನಂದ.”

ಹೇಳಲೋ, ಬೇಡವೋ... ಚೆಂಡಿಗಿಂತ ಈ ಮಾತೇ ಹೆಚ್ಚು ಹೆದರಿಸಿತು ಅವಳನ್ನು.

“ಅಲುಗಾಡಿದ್ದೆ! ನೀವು ನಕ್ರಲ್ಲ... ನಾ ಚೆಂಡು ನೋಡ್ಲಿಲ್ಲ, ನಿಮ್ಮ ಮಾರಿ ನೋಡಿದೆ. ನೋಡಾಕಂತ ಬಗ್ಗಿ, ನನ್ನ ತಲಿ ನಾನ ಚೆಂಡಿಗೆ ಅಡ್ಡ ತಂದೆ. ನಿಯಮದಾಗ ಅದಕ್ಕ ಕಾರ್ಡ್ ಇಲ್ಲ. ನಾಚಿಕಿ ಬಂದು ಯಾರಿಗೂ ಹೇಳ್ಲಿಲ್ಲ. ನೀವು ಹೋದ್ರೆಂದು ಸಿಟ್ಟೂ ಬಂದಿತ್ತು.”

ಪರಶು ಸುಣ್ಣದ ಡಬ್ಬಿ ಕೆಳಗಿಟ್ಟ. ಆಮೇಲೆ ಮೆಲ್ಲಗೆ ಗೆರೆ ದಾಟಿ ಒಳಬಂದ.

ಮೊದಲ ಚೆಂಡನ್ನು ಅವನು ಮೆತ್ತಗೆ ಒಗೆದ. ಅವಳ ಕಣ್ಣು ಮುಚ್ಚಿತು. ಎರಡನೆಯದಕ್ಕೂ ಅಷ್ಟೇ. ಹತ್ತನೆಯದಕ್ಕೂ! ಮುಗಿಯಿತಾ? ಇಷ್ಟೇನಾ ನಾನು?

“ಬ್ಯಾಡ್ರಿ, ಸಾಕು...” ಪರಶು ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡ.

“ಸಾಕಲ್ಲ! ನನಗೂ ಅಂಜಿಕಿ ಐತಿ, ನಿಮಗೂ ಐತಿ. ಇಬ್ರೂ ಅಂಜಕೋತನ ನಿಲ್ಲೂಣು. ಒಗೀರಿ, ಪೂರಾ ಜೋರ್ಲೆ!”

ಅವನು ಉಸಿರೆಳೆದು ತೋಳೆತ್ತಿದ. ರೆಪ್ಪೆ ಅದುರಿತು... ಅದುರಿತು... ಮುಚ್ಚಲಿಲ್ಲ!

ಚೆಂಡು ಅವಳ ಅಂಗೈಗೆ ಬಡಿದು ಗೋಲಿನ ಹೊರಗೆ ಚಿಮ್ಮಿತು. ಕೈ ಉರಿಯುತ್ತಿತ್ತು. ಅಳುವೋ ನಗುವೋ, ಎರಡೂ ಒಟ್ಟಿಗೆ ಬಂತು.

ಪರಶು ಓಡಿ ಬಂದ. “ಕಣ್ಣು ತಗದಿದ್ರಾ? ಏನು ಕಾಣ್ತು?”

“ಚೆಂಡು. ಬರೇ ಚೆಂಡು. ನಿಮ್ಮನ್ನ ಆಮ್ಯಾಲ ನೋಡಿದ್ರಾತು ಅಂತ ಬಿಟ್ಟೆ.”

“ಆಮ್ಯಾಲ ಅಂದ್ರ... ಎಷ್ಟೊತ್ತು ನೋಡ್ತೀರಿ?”

ಉರಿಯುವ ಅಂಗೈಯನ್ನು ಅವಳು ಅವನ ಕೈಯಲ್ಲಿಟ್ಟಳು.

“ನೀವು ಹೊರಗ ಹೋಗದಂಗ ನಿಂತಷ್ಟೊತ್ತು.”