ಹುಳಕ್ಕಿಟ್ಟ ಹೆಸರು

ಹೇರೋಹಳ್ಳಿಯ ಕೆಂಚಪ್ಪನವರ ಬಾವಿಗೆ ಗೋಪೀನಾಥ ಮೊದಲ ಸಲ ಇಳಿಬಿಟ್ಟದ್ದು ಕೊಡವನ್ನಲ್ಲ, ದಾರಕ್ಕೆ ಕಟ್ಟಿದ ಕುರಿಯ ಈಲಿಯ, ಅಂದರೆ ಲಿವರಿನ, ತುಂಡನ್ನು. ಅದನ್ನು ಕಂಡು ಕೆಂಚಪ್ಪನವರ ಹೆಂಡತಿ ಬೋರಮ್ಮ ಹಾಕಿದ ಕೂಗಿಗೆ ಮಾಗಡಿ ರೋಡಿನ ಬಸ್ಸುಗಳೆಲ್ಲ ಗಕ್ಕನೆ ನಿಂತವು, ಸುಂಕದಕಟ್ಟೆಯಲ್ಲಿ ಮಲಗಿದ್ದ ನಾಯಿಗಳೆಲ್ಲ ಎದ್ದು ಕೂತವು.

“ಮಾಟ ಮಾಡಕ್ಕೆ ನಮ್ಮ ಬಾವೀನೇ ಬೇಕಾಗಿತ್ತೇನಯ್ಯ ನಿಂಗೆ?”

“ಮಾಟ ಅಲ್ಲಮ್ಮ, ಪ್ಲನೇರಿಯಾ. ಚಪ್ಪಟೆ ಹುಳ. ಈಲಿ ವಾಸನೆಗೆ ಬಂದು ಅಂಟ್ಕೊಳ್ಳುತ್ತೆ. ನಾನು ರಾಜಾಜಿನಗರದ ಕಾಲೇಜಲ್ಲಿ ಜೂವಾಲಜಿ ಡೆಮಾನ್‌ಸ್ಟ್ರೇಟರು.”

“ಅಂಗಂದ್ರೆ?”

“ಮಾಟಗಾರನಿಗಿಂತ ಸಂಬಳ ಕಮ್ಮಿ ಅಂತ ಕಣವ್ವ.”

ಹಿಂದಿನಿಂದ ಹಾಗೆಂದವಳು ಬೋರಮ್ಮನ ಮಗಳು ವನಜಾಕ್ಷಿ, ವಿಜಯನಗರದ ಹೈಸ್ಕೂಲೊಂದರಲ್ಲಿ ಸೈನ್ಸ್ ಟೀಚರು. ಅವಳ ಎಡಗಣ್ಣು ಕೊಂಚ ಮಾಲು. ಬಲಗಣ್ಣು ಗೋಪೀನಾಥನನ್ನು ನೋಡುತ್ತಿದ್ದರೆ, ಎಡಗಣ್ಣು ಅವನ ಪಕ್ಕದಲ್ಲಿ ಇನ್ನೂ ಒಳ್ಳೆಯ ಗೋಪೀನಾಥ ಯಾರಾದರೂ ಇದ್ದಾನೆಯೇ ಎಂದು ಹುಡುಕುವಂತಿತ್ತು. ಆ ನೋಟಕ್ಕೆ ಅವನ ಎದೆ ಬಾವಿಗೇ ಬಿತ್ತು. ನೀರು ಚಿಮ್ಮಿದ ಸದ್ದು ಕೆಂಗೇರಿಗೂ ಕೇಳಿಸಿರಬೇಕು.

ಅಂದಿನಿಂದ ಎಷ್ಟು ಹುಳ ಸಿಕ್ಕರೂ ಅವನಿಗೆ ಸಾಲದು. ಎಂಬತ್ತಾರನೆಯ ಇಸವಿಯ ಆ ಬೇಸಿಗೆಯ ಭಾನುವಾರಗಳೆಲ್ಲ ಬಾವಿಕಟ್ಟೆಯ ಮೇಲೇ ಕಳೆದವು.

“ಮೂರು ತುಂಡು ಮಾಡಿ, ಮೂರೂ ಪೂರ್ತಿ ಹುಳ ಆಗುತ್ತೆ. ಬಾಲಕ್ಕೇ ತಲೆ ಹುಟ್ಟುತ್ತೆ,” ಎಂದು ಅವನು, ಹುಳವನ್ನು ತಾನೇ ಸೃಷ್ಟಿಸಿದವನಂತೆ, ಹೇಳುತ್ತಿದ್ದ. “ಮೈ ತುಂಬ ಇನ್ನೂ ಏನೂ ಆಗದೆ ಉಳ್ದಿರೋ ಜೀವಕೋಶಗಳು. ಕಣ್ಣು ಬೇಕಂದ್ರೆ ಕಣ್ಣಾಗ್ತವೆ, ಕರುಳು ಬೇಕಂದ್ರೆ ಕರುಳಾಗ್ತವೆ.”

“ನಮ್ಮಣ್ಣನ ಥರ. ಕೆಲಸ ಸಿಗೋವರೆಗೂ ಏನು ಬೇಕಾದ್ರೂ ಆಗ್ತೀನಿ ಅಂತಾನೆ.”

“ನಿಮಗೋಸ್ಕರ ಎರಡು ತಲೆ ಹುಳ ಮಾಡ್ತೀನಿ, ನೋಡ್ತಿರಿ. ತಲೆ ಮಧ್ಯಕ್ಕೆ ಸೀಳ್ಬೇಕು. ಆದ್ರೆ ಭಾರಿ ಹಟಮಾರಿ ಪ್ರಾಣಿ. ಸುಮ್ನೆ ಬಿಟ್ರೆ ಬೆಳಗಾಗೋದ್ರೊಳಗೆ ಕೂಡ್ಕೊಂಡ್ಬಿಡುತ್ತೆ. ಕೂಡಕ್ಕೆ ಬಿಡದೆ ಮತ್ತೆ ಮತ್ತೆ ಸೀಳ್ತಾನೇ ಇರ್ಬೇಕು.”

“ಪಾಪ,” ಎಂದಳು ವನಜಾಕ್ಷಿ. ಅವಳು ಹುಳದತ್ತ ಬಾಗಿದಾಗ ಜಡೆಯ ತುದಿ ಅವನ ಮೊಣಕೈಗೆ ತಾಕಿತು. ಆ ಮೊಣಕೈಯನ್ನು ಅವನು ಒಂದು ವಾರ ಸೋಪಿಗೂ ತೋರಿಸಲಿಲ್ಲ.

ಜೂನಿನಲ್ಲಿ ಅವಳು ಒಂಬತ್ತನೇ ಕ್ಲಾಸಿನ ಮಕ್ಕಳನ್ನು ಅವನ ಲ್ಯಾಬಿಗೆ ಕರೆತಂದಳು. ಅಷ್ಟು ಕಿವಿಗಳು ಒಟ್ಟಿಗೆ ಸಿಕ್ಕಿದ್ದೇ ತಡ, ಗೋಪೀನಾಥನ ನಾಲಿಗೆಗೆ ರೆಕ್ಕೆ ಬಂತು. ಲೆನ್ಸಿನ ಕೆಳಗೆ ಹುಳದ ಎರಡು ಕಣ್ಣುಗಳು ಮೂಗಿನತ್ತ ವಾಲಿ ಓರೆಯಾಗಿ ನೋಡುತ್ತಿದ್ದವು.

“ಈ ಸುಂದರಿ ಹೆಸರು ವನಜಾಕ್ಷಿ,” ಎಂದ. “ಯಾಕೆ ಅಂತ ಕಣ್ಣು ನೋಡಿದ್ರೇ ಗೊತ್ತಾಗುತ್ತೆ.”

ಮಕ್ಕಳ ನಗುವಿಗೆ ಗಾಜಿನ ಜಾಡಿಗಳೆಲ್ಲ ಗಿಲಗಿಲಗುಟ್ಟಿದವು. ಅವಳು ಮಾತ್ರ ನಗಲಿಲ್ಲ. ನೋಡಲು ಬಂದ ಗಂಡುಗಳೆಲ್ಲ ಆ ಕಣ್ಣಿನ ನೆಪ ಹೇಳಿಯೇ ವಾಪಸು ಹೋಗಿದ್ದು ಅವನಿಗೆ ಗೊತ್ತಿತ್ತು. ಅವಳೇ ಬಾವಿಕಟ್ಟೆಯ ಮೇಲೆ ಹೇಳಿಕೊಂಡಿದ್ದಳು.

ಮಾರನೆಯ ದಿನದಿಂದ ಅವಳು ಸ್ಕೂಲಿಗೆಲ್ಲ ‘ಪ್ಲನೇರಿಯಾ ಮಿಸ್’ ಆದಳು.

ಕ್ಷಮೆ ಕೇಳುವುದರಲ್ಲೂ ಗೋಪೀನಾಥ ಜಿಪುಣನಲ್ಲ. ಸ್ಕೂಲ್ ಗೇಟಿಗೆ ಹೋಗಿ, “ಸಾರಿ ಕಣ್ರೀ, ನಿಮ್ಮ ಕಣ್ಣು ಅಷ್ಟೇನೂ ಮಾಲಿಲ್ಲ,” ಎಂದ. ಮರೆಯುತ್ತಿದ್ದ ಮಕ್ಕಳಿಗೆ ಹೆಸರು ಮತ್ತೆ ನೆನಪಾಯಿತು. ಬಸ್‌ಸ್ಟಾಪಿಗೆ ಹೋಗಿ, “ಮಾಲಿದ್ರೂ ಚೆಂದವೇ,” ಎಂದ. ಕ್ಯೂನಲ್ಲಿದ್ದವರೆಲ್ಲ ತಿರುಗಿ ಅವಳ ಕಣ್ಣನ್ನೇ ನೋಡಿದರು. ಕೊನೆಗೆ ಬೋರಮ್ಮನ ಬಳಿ ಹೋಗಿ ನಡೆದದ್ದನ್ನೆಲ್ಲ ಒಪ್ಪಿಸಿದ. ಅಲ್ಲಿಯವರೆಗೆ ಬೋರಮ್ಮನಿಗೆ ಏನೂ ಗೊತ್ತಿರಲಿಲ್ಲ.

ಇತ್ತ ಲ್ಯಾಬಿನಲ್ಲಿ, ಬಾಯಿಮಾತಿಗೆ ಒಲಿಯದವಳು ಎರಡು ತಲೆಯ ಹುಳಕ್ಕಾದರೂ ಒಲಿದಾಳೆಂದು, ಕೂಡಲು ಹೊರಟ ತಲೆಯನ್ನು ಅವನು ಬ್ಲೇಡಿನಿಂದ ಮತ್ತೆ ಮತ್ತೆ ಬಿಡಿಸುತ್ತಲೇ ಇದ್ದ.

ಒಂದು ಮಧ್ಯಾಹ್ನ ಅವಳೇ ಬಾಗಿಲಲ್ಲಿ ನಿಂತಿದ್ದಳು.

“ನಂಗೆ ಮದುವೆ ಗೊತ್ತಾಯ್ತು ಸಾರ್. ಕುರುಬರಹಳ್ಳಿ ಕಡೆಯೋರು.”

ಗೋಪೀನಾಥನ ಕೈಯ ಬ್ಲೇಡು ಗಾಳಿಯಲ್ಲೇ ನಿಂತಿತು. “ಅವರು... ಒಳ್ಳೆಯವರಾ?”

“ಗೊತ್ತಿಲ್ಲ. ಕಣ್ಣಿನ ಬಗ್ಗೆ ಒಂದು ಮಾತೂ ಆಡ್ಲಿಲ್ಲ. ಕಾಫಿ ಕುಡಿದ್ರು, ಸುಮ್ನಿದ್ರು. ಎಷ್ಟು ಹಾಯಾಗಿತ್ತು ಗೊತ್ತಾ.” ಅವಳು ಜಾಡಿಯತ್ತ ಬಾಗಿದಳು. “ಒಂದು ಕೇಳ್ಲಾ? ಇದಕ್ಕೆ ನನ್ನ ಹೆಸರು ಯಾಕಿಟ್ರಿ?”

ಜೀವಮಾನದಲ್ಲಿ ಮೊದಲ ಬಾರಿಗೆ ಅವನಿಗೆ ಬಣ್ಣ ಕಟ್ಟಿ ಹೇಳಲು ಏನೂ ತೋಚಲಿಲ್ಲ.

“ಬೆಳಿಗ್ಗೆ ಎದ್ದು ಬಂದು ಮೊದಲು ನೋಡೋದು ಇದನ್ನೇ. ಆವಾಗ ನಿಮ್ಮ ಹೆಸರು ಕರೀಬೇಕು ಅನ್ಸೋದು.”

ಅವಳು ಜಾಡಿಯಿಂದ ತಲೆ ಎತ್ತಿದಳು. ಎರಡು ಕಣ್ಣೂ ತುಂಬಿದಾಗ ಮಾಲು ಎಲ್ಲಿತ್ತೋ ಅವನಿಗೆ ಕಾಣಲಿಲ್ಲ.

“ನಾನು ಮರೀತಿದ್ದೆ ಸಾರ್. ಆ ವಾರವೇ ಮರೀತಿದ್ದೆ. ನೀವು ಒಂದು ದಿನ ಬಾಯಿ ಮುಚ್ಕೊಂಡಿದ್ದಿದ್ರೆ ತಾನಾಗೇ ಕೂಡ್ಕೊಂಡಿರೋದು.” ಅವನ ಬೆರಳುಗಳ ನಡುವಿನಿಂದ ಬ್ಲೇಡನ್ನು ಮೆಲ್ಲನೆ ಬಿಡಿಸಿಕೊಂಡು, ಕಾಗದದಲ್ಲಿ ಮಡಿಸಿ ಮೇಜಿನ ಮೇಲಿಟ್ಟಳು. “ಇವತ್ತು ಸೀಳ್ಬೇಡಿ.”

ಅವನು ಸೀಳಲಿಲ್ಲ.

ಬೆಳಿಗ್ಗೆ ಬಂದು ನೋಡಿದರೆ ಹುಳಕ್ಕೆ ಒಂದೇ ತಲೆ. ನಡುವೆ ಬಿಳಿಯ ಗೆರೆಯೊಂದು, ಅದೂ ಹುಡುಕಿದರೆ ಮಾತ್ರ. ಸಂಜೆ ಸ್ಕೂಲು ಬಿಡುವ ಹೊತ್ತಿಗೆ ಗೋಪೀನಾಥ ಜಾಡಿ ಎತ್ತಿಕೊಂಡು ಬಸ್‌ಸ್ಟಾಪಿಗೆ ಓಡಿದ ಓಟಕ್ಕೆ ರಾಜಾಜಿನಗರದ ಧೂಳೆಲ್ಲ ವಿಜಯನಗರಕ್ಕೆ ಬಂತು. ಕ್ಯೂನಲ್ಲಿ ಅವಳ ಬೆನ್ನು, ಅದೇ ಜಡೆ. ಕೂಡಿಕೊಂಡಿತು ಕಣ್ರೀ ಎನ್ನುವ ಮಾತು ಅವನ ತುಟಿಯವರೆಗೂ ಬಂದಿತ್ತು.

ಅಲ್ಲೇ ತಡೆದ. ಜಾಡಿಯನ್ನು ಎದೆಗೆ ಒತ್ತಿಕೊಂಡು ಹೊಂಗೆಮರದ ಹಿಂದೆ ನಿಂತ. ಬಸ್ಸು ಬಂತು, ಅವಳು ಹತ್ತಿದಳು, ಬಸ್ಸು ಹೊರಟಿತು. ಗೋಪೀನಾಥ ಬಾಯಿ ತೆರೆಯಲಿಲ್ಲ.