ಊರಿಗೆಲ್ಲ ಒಂದೇ ಮರೆ

ಎರಡು ಸಾವಿರದ ಅರವತ್ತೊಂದರ ಜುಲೈ ತಿಂಗಳ ಒಂದು ಮುಂಜಾನೆ, ರಬಕವಿಯ ಮಗ್ಗದ ಕಾರ್ಖಾನೆಯೊಂದರಲ್ಲಿ ದುಡಿಯುವ ಹೆಣ್ಣುಮಗಳೊಬ್ಬಳು ತನ್ನ ಫೋನಿಗೆ ಮೆಲ್ಲಗೆ ಹೇಳಿದಳು: “ಮೂರು ವಾರ ಆತು ಕೆಮ್ಮು. ನಿನ್ನೆ ರಕ್ತ ಬಿತ್ತು. ಏನ್ ಮಾಡ್ಲಿ?”

ಆ ಮಾತು ಅವಳ ಫೋನಿನೊಳಗೇ ಯಾರೂ ಓದಲಾಗದ ಗುಪ್ತಲಿಪಿಯಾಯಿತು. ಅಲ್ಲಿಂದ ಎದುರಿನ ಬೇಕರಿಯವನ ಫೋನಿಗೆ ದಾಟಿತು. ಬೇಕರಿಯಿಂದ ಜಮಖಂಡಿ ಬಸ್ಸಿನ ಕಂಡಕ್ಟರನ ಜೇಬಿಗೆ, ಅಲ್ಲಿಂದ ಕಾಲೇಜಿಗೆ ಹೊರಟ ಹುಡುಗಿಯ ಚೀಲಕ್ಕೆ. ಹೀಗೆ ಹದಿನಾಲ್ಕು ಫೋನು ದಾಟಿ ಸರಕಾರಿ ಆಸ್ಪತ್ರೆಯ ಕಂಪ್ಯೂಟರ್ ತಲುಪಿದಾಗ ಮತ್ತೆ ಮಾತಾಯಿತು. ನಡುವಿನ ಹದಿನಾಲ್ಕು ಫೋನುಗಳಿಗೆ ತಮ್ಮ ಹಿಂದಿನದು, ಮುಂದಿನದು ಬಿಟ್ಟು ಬೇರೇನೂ ತಿಳಿಯದು. ಹೊರಟಿದ್ದು ಯಾರಿಂದ, ಹೋಗುವುದು ಎಲ್ಲಿಗೆ ಎಂಬ ಎರಡನ್ನೂ ಬಲ್ಲವರು ದಾರಿಯಲ್ಲಿ ಒಬ್ಬರೂ ಇರಲಿಲ್ಲ.

ಕ್ಷಯರೋಗ ವಿಭಾಗದ ನರ್ಸ್ ಮಾದೇವಿ ಕೊಣ್ಣೂರ ಅದನ್ನೋದಿ, “ಇವತ್ತ ಬರ್ರಿ. ಹೆಸರು ಇಲ್ಲಿ ಬಂದ ಮ್ಯಾಲ ಹೇಳಿದ್ರ ಸಾಕು” ಎಂದು ಉತ್ತರಿಸಿದಳು. ಉತ್ತರವೂ ಹಾಗೆಯೇ ಕೈಯಿಂದ ಕೈಗೆ ದಾಟಿ ಹೋಯಿತು. ಆ ತಿಂಗಳು ಬಂದ ನಲವತ್ತೊಂದನೆಯ ಪ್ರಶ್ನೆ ಅದು. ಎರಡು ವರ್ಷದ ಹಿಂದೆ ತಿಂಗಳುಗಟ್ಟಲೆ ಒಂದೂ ಬರುತ್ತಿರಲಿಲ್ಲ.

ಆಗ ಊರಿನ ದೊಡ್ಡ ಕಾರ್ಖಾನೆಗಳು ಕೆಲಸಗಾರರಿಗೆಲ್ಲ ಪುಕ್ಕಟೆ ಫೋನು, ಪುಕ್ಕಟೆ ಇಂಟರ್‌ನೆಟ್ ಕೊಟ್ಟಿದ್ದವು. ಷರತ್ತು ಒಂದೇ. ಫೋನಿನಿಂದ ಹೊರಡುವುದೆಲ್ಲ ಒಂದು ಕಂಪನಿಯ ಕಂಪ್ಯೂಟರೆಂಬ ಬಾಗಿಲು ದಾಟಿಯೇ ಹೋಗಬೇಕು. ಯಾರು ಯಾವ ಜಾಲತಾಣಕ್ಕೆ ಹೋದರು, ಎಷ್ಟು ಹೊತ್ತು ನಿಂತರು ಎಂಬುದನ್ನು ಆ ಬಾಗಿಲು ಬರೆದಿಟ್ಟುಕೊಳ್ಳುತ್ತಿತ್ತು. ಅದರಿಂದ ಏನಾದೀತು ಎಂದು ಯಾರೂ ಯೋಚಿಸಲಿಲ್ಲ. ಯಲ್ಲವ್ವ ಮುಗಳಖೋಡ ಎಂಬ ನೇಕಾರತಿಗೆ ಕ್ಷಯದ ಔಷಧಿ ತಾಣದ ವಿಳಾಸ ಬರೆದುಕೊಟ್ಟವಳು ಮಾದೇವಿಯೇ. ಯಲ್ಲವ್ವ ಸೋಮವಾರ ಅದನ್ನು ತೆರೆದಳು. ಗುರುವಾರ ಸುಪರ್‌ವೈಸರ್, “ನಾಳಿಂದ ಬರಬ್ಯಾಡ” ಎಂದ. ಕಾರಣ ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಸುದ್ದಿ ಓಣಿ ಓಣಿಗೆ ಹಬ್ಬಿತು. ಯಲ್ಲವ್ವ ಗುಳಿಗೆ ಅರ್ಧಕ್ಕೆ ಬಿಟ್ಟು ಮಹಾರಾಷ್ಟ್ರದ ಇಚಲಕರಂಜಿಯ ಕಡೆ ಹೋದಳು. ಆಮೇಲೆ ಆಸ್ಪತ್ರೆಯನ್ನು ಯಾರೂ ಏನೂ ಕೇಳಲಿಲ್ಲ. ಕೆಮ್ಮು ಮಾತ್ರ ಮನೆ ಮನೆಯಲ್ಲೂ ಕೇಳುತ್ತಿತ್ತು.

ವಿಳಾಸ ಬರೆದುಕೊಟ್ಟ ಕೈ ಮಾದೇವಿಯನ್ನು ಸುಮ್ಮನಿರಗೊಡಲಿಲ್ಲ. ರಜೆ ಹಾಕಿ ಧಾರವಾಡದ ಬಸ್ಸು ಹತ್ತಿದಳು. ಅಲ್ಲಿ ಅನಸೂಯಾ ಬೆಟಗೇರಿ ಎಂಬ ವಿಜ್ಞಾನಿ ಫೋನಿನಿಂದ ಫೋನಿಗೆ ದಾಟುವ ಜಾಲವೊಂದನ್ನು ಕಟ್ಟುತ್ತಿದ್ದಾರೆಂದು ರೇಡಿಯೋದಲ್ಲಿ ಕೇಳಿದ್ದಳು.

ಐವತ್ತೆಂಟು ವರ್ಷದ ಅನಸೂಯಾ ಎಲ್ಲವನ್ನೂ ಕೇಳಿ, ಕನ್ನಡಕ ತೆಗೆದಿಟ್ಟರು. “ಹಿಂದ ವಿಪಿಎನ್ ಅಂತಿತ್ತು ಸಿಸ್ಟರ್. ನಿಮ್ಮ ಫೋನಿನಿಂದ ದೂರದ ಒಂದು ಕಂಪ್ಯೂಟರಿನ ತನಕ ಸುರಂಗ. ನಡುವಿನವರಿಗೆ ಒಳಗಿಂದು ಕಾಣೂದಿಲ್ಲ. ಆದ್ರ ಸುರಂಗದ ಆ ತುದಿಗೆ ಕುಂತಂವನ್ನ ನಂಬಬೇಕಾಗ್ತಿತ್ತು. ನನ್ನ ಜಾಲದಾಗ ಆ ತುದಿಗೆ ಯಾರೂ ಕುಂತಿಲ್ಲ, ಊರ ಮಂದಿಯ ಫೋನೇ ಸುರಂಗ.”

“ಹಂಗಾದ್ರ ಇವತ್ತ ಕೊಡ್ರಿ ಮೇಡಂ.”

“ಕೊಟ್ರ ಸಾಲೂದಿಲ್ಲ. ಹತ್ತು ಮಂದಿ ಹಾಕ್ಕೊಂಡ್ರ, ಆ ಹತ್ತ ಮಂದಿ ಮ್ಯಾಲೇ ಸಂಶಯ ಬರತದ. ಹತ್ತು ಸಾವಿರ ಆದ್ರ ಯಾರೂ ಕಾಣೂದಿಲ್ಲ. ನನಗ ಮಶೀನು ಮಾಡಾಕ ಬರತದ. ಹತ್ತು ಸಾವಿರ ಮಂದೀನ ಮಾಡಾಕ ಬರೂದಿಲ್ಲ.”

“ಅದು ನನಗ ಬರತದ” ಎಂದಳು ಮಾದೇವಿ.

ಊರವರು ಆ ಜಾಲಕ್ಕೆ ‘ಮರೆ’ ಎಂದು ಹೆಸರಿಟ್ಟರು. ಹೆಸರು ಸುಲಭವಾಗಿ ಬಂತು, ಒಪ್ಪಿಗೆ ಬರಲಿಲ್ಲ. ಬಸ್ ನಿಲ್ದಾಣದ ಚಹಾ ಅಂಗಡಿಯ ಬಸಲಿಂಗಪ್ಪ ತೇಲಿ ಮೊದಲ ದಿನವೇ ಜಬರಿಸಿದ: “ನಾ ಏನು ಕಳವು ಮಾಡೀನೇನವಾ, ಮಾರಿ ಮುಚ್ಚಿಕೊಳ್ಳಾಕ?”

“ನಿಮಗಲ್ರೀ ಕಾಕಾ. ಮುಚ್ಚಿಡೂದು ಏನೂ ಇಲ್ಲದವರ ಬೇಕಾಗಿದ್ದು ನನಗ. ನೀವು ಅಡ್ಡ ನಿಂತ್ರ ನಿಮ್ಮ ಹಿಂದ ಒಬ್ಬಾಕಿ ನಿಂದರತಾಳ.”

ಬಸಲಿಂಗಪ್ಪ ಒಲೆಯ ಉರಿ ಸಣ್ಣಗೆ ಮಾಡಿದ. “ಅಡ್ಡ ನಿಂದರೂದು ಅಷ್ಟನ? ತಗೋ, ಹಾಕು” ಎಂದು ಫೋನು ಚಾಚಿದ.

ಅದೇ ಮಾತನ್ನು ಮಾದೇವಿ ಹದಿನಾಲ್ಕು ತಿಂಗಳು ಹೇಳಿದಳು. ಸಂತೆಯಲ್ಲಿ, ಶಾಲೆಯ ಪಾಲಕರ ಸಭೆಯಲ್ಲಿ, ಮಸೀದಿಯ ಅಂಗಳದಲ್ಲಿ, ಮಠದ ದಾಸೋಹದಲ್ಲಿ. ನಕ್ಕವರು ನಕ್ಕರು, ಬೈದವರು ಬೈದರು. ಮರೆ ಹಾಕಿಕೊಂಡವರು ಹತ್ತು ಸಾವಿರ ದಾಟಿ, ಇಪ್ಪತ್ತು ಸಾವಿರವೂ ದಾಟಿದರು. ಒಂದು ದಿನ ಮೊದಲ ಪ್ರಶ್ನೆ ಬಂತು; ಅದನ್ನೋದುವಾಗ ಅಕ್ಷರಗಳು ಕಲಸಿಕೊಂಡು, ಅವಳು ಸೆರಗಿನಿಂದ ಕಣ್ಣೊರೆಸಿಕೊಳ್ಳಬೇಕಾಯಿತು.

ಈಗ ಜುಲೈ ತಿಂಗಳ ಕೊನೆಗೆ, ಫೋನುಗಳ ಬಾಗಿಲು ಕಾಯುವ ಆ ಕಂಪನಿಯ ಅಧಿಕಾರಿಯೊಬ್ಬ ಹೊರರೋಗಿಗಳ ಪಾಳಿಯ ನಡುವೆಯೇ ಆಸ್ಪತ್ರೆಗೆ ಬಂದ. ಮಾತು ಮೆತ್ತಗಿತ್ತು. “ಫೋನು ಕಾರ್ಖಾನೆಯವು. ಅವುಗಳಿಂದ ನಿಮ್ಮನ್ನು ಸಂಪರ್ಕಿಸಿದವರ ಹೆಸರು ಬೇಕಿತ್ತು.”

“ಯಂತ್ರಕ್ಕ ಗೊತ್ತಿಲ್ರೀ” ಎಂದಳು ಮಾದೇವಿ.

“ಇಲ್ಲಿಗೆ ಬಂದವರು ನಿಮಗೆ ಗೊತ್ತಲ್ಲ?”

“ಗೊತ್ತು. ಅವು ನನ್ನ ಹೊಟ್ಟ್ಯಾಗ ಅದಾವ. ಅಲ್ಲಿಂದ ತಗಿಯೋ ಮಶೀನು ಇನ್ನೂ ಯಾರೂ ಮಾಡಿಲ್ಲ.”

ಅಧಿಕಾರಿಯ ದನಿ ಬಿರುಸಾಯಿತು. ಮರೆ ಹಾಕಿಕೊಂಡವರನ್ನೆಲ್ಲ ರೋಗಿಗಳೆಂದೇ ಬರೆದುಕೊಂಡು ಕಾರ್ಖಾನೆಗಳಿಗೆ ಕೊಡಬೇಕಾಗುತ್ತದೆ ಎಂದ. ಆಗ ಮಂಡಿನೋವಿಗೆ ಪಾಳಿಯಲ್ಲಿ ಕುಳಿತಿದ್ದ ಬಸಲಿಂಗಪ್ಪ ಗೋಡೆ ಹಿಡಿದು ಎದ್ದ.

“ಬರಕೋರಿ ಸಾಹೇಬ್ರ. ಬಸಲಿಂಗಪ್ಪ ತೇಲಿ, ಚಹಾದಂಗಡಿ.”

“ನಂದೂ ಬರಕೋರಿ. ರಜಾಕ್ ಅತ್ತಾರ, ಕಂಡಕ್ಟರ್.”

“ಶಶಿಕಲಾ ಹುದ್ದಾರ, ಕನ್ನಡ ಶಾಲಿ ಮಾಸ್ತರ್ತಿ.” “ನಂದೂ…” “ನಂದೂ ರೀ…”

ಪಾಳಿ ಮುರಿದು ಜನ, ಮಗ್ಗದವರೂ ಸೇರಿ, ಸುತ್ತ ನಿಂತರು. ಒಬ್ಬರೂ ಕೂಗಾಡಲಿಲ್ಲ. ಶಾಲೆಯಲ್ಲಿ ಹಾಜರಿ ಹೇಳುವಂತೆ ಒಬ್ಬೊಬ್ಬರೇ ಹೆಸರು ಹೇಳಿದರು. ಅವರಲ್ಲಿ ನಿಜವಾಗಿ ಗುಳಿಗೆ ನುಂಗುತ್ತಿದ್ದವರು ಮೂವರಿದ್ದರು. ಯಾವ ಮೂವರು ಎಂದು ಮಾದೇವಿಗಲ್ಲದೆ ಯಾರಿಗೂ ತಿಳಿಯುವಂತಿರಲಿಲ್ಲ. ಆ ಮೂವರ ದನಿಯೂ ಉಳಿದವರಷ್ಟೇ ಗಟ್ಟಿಯಾಗಿತ್ತು. ಮೂವತ್ತು ಹೆಸರು ಬರೆಯುವಷ್ಟರಲ್ಲಿ ಅಧಿಕಾರಿ ಪೆನ್ನು ಮುಚ್ಚಿದ. ಇಡೀ ಊರನ್ನು ಕೆಲಸದಿಂದ ತೆಗೆದರೆ ಮಗ್ಗ ನಡೆಸುವವರು ಯಾರು?

ಆಗಸ್ಟಿನಲ್ಲಿ ಊರವರು ಅನಸೂಯಾ ಅವರನ್ನು ಕರೆಸಿ ಶಾಲು ಹೊದಿಸಿದರು. ಅನಸೂಯಾ ಅದನ್ನು ಅಲ್ಲೇ ಮಾದೇವಿಯ ಹೆಗಲಿಗೆ ಹಾಕಿದರು. ಸಂಜೆ ಇಬ್ಬರೂ ಬಸ್ ನಿಲ್ದಾಣದ ಕಡೆ ನಡೆಯುವಾಗ ಅನಸೂಯಾ ತಟ್ಟನೆ ನಿಂತರು.

“ಸಿಸ್ಟರ್, ವೇದಿಕಿ ಮ್ಯಾಲ ಒಂದು ಮಾತು ಹೇಳಾಕ ಆಗಲಿಲ್ಲ. ಎರಡು ಸಾವಿರದ ಇಪ್ಪತ್ತೈದರಾಗ ನಾ ಹಾಸ್ಟೆಲಿನ್ಯಾಗ ಇದ್ದೆ. ನನ್ನ ಫೋನಿನ್ಯಾಗ ವಿಪಿಎನ್ ಇತ್ತು. ಬೇರೆ ದೇಶದ ಚಾನೆಲ್ಲಿನ್ಯಾಗ ಕ್ರಿಕೆಟ್ ನೋಡಾಕ ಹಾಕ್ಕೊಂಡಿದ್ದೆ. ನನ್ನ ಕೋಣ್ಯಾಗ ಇದ್ದಾಕಿ ಹಾಸ್ಟೆಲ್ ವೈಫೈದಾಗ ಯಾವುದೋ ಆಸ್ಪತ್ರಿ ತಾಣ ತಗದು ನೋಡಿದ್ಲು. ವೈಫೈ ನೋಡ್ಕೊಳ್ಳಾಂವಗ ತಾಣದ ಹೆಸರು ಕಂಡ್ತು. ನಾಲ್ಕು ದಿನದಾಗ ಎಲ್ಲಾರ ಬಾಯಾಗೂ ಅಕಿ ಹೆಸರು. ಕಾಲೇಜ ಬಿಟ್ಲು. ವಿಪಿಎನ್ನಿನ ಒಂದು ಗುಂಡಿ ಒತ್ತೂದಿತ್ತು, ಅಷ್ಟ. ನಾ ಅಕಿಗೆ ಅದನ್ನ ಹೇಳಲೇ ಇಲ್ಲ.”

“ನಿಮಗ ಗೊತ್ತಿರಲಿಲ್ಲೇನ್ರೀ, ಹಿಂಗಾಗತದ ಅಂತ?”

“ಗೊತ್ತಿತ್ತು. ಎಲ್ಲಾರಿಗೂ ಗೊತ್ತಿತ್ತು. ನನಗೇನು ಮುಚ್ಚಿಡೂದೈತಿ ಅಂತಿದ್ವಿ.”

ಕಾರ್ಖಾನೆಯ ಪಾಳಿ ಬಿಟ್ಟು ಹೆಣ್ಣುಮಕ್ಕಳು ರಸ್ತೆ ತುಂಬ ನಡೆದು ಬರುತ್ತಿದ್ದರು, ಕೈಯಲ್ಲಿ ಫೋನು, ತಲೆ ಎತ್ತಿ. ಮಾದೇವಿ ಅನಸೂಯಾ ಅವರ ಕೈ ಹಿಡಿದು ಆ ಗುಂಪಿನ ನಡುವೆಯೇ ಕರೆದುಕೊಂಡು ಹೋದಳು.