ಒಂದೇ ಕೆಲಸಕ್ಕೆ ಎರಡು ಬಿಲ್ಲು

"ಸಾಯೋಕೆ ಬೇರೆ ಜಾಗ ಸಿಗ್ಲಿಲ್ವೇನ್ರೀ!"

ಓಡುತ್ತಿದ್ದ ಜನರೇಟರಿನ ಬೆಲ್ಟಿಗೂ ಅವನ ಟೈಗೂ ನಡುವೆ ಒಂದು ಗೇಣೂ ಇರಲಿಲ್ಲ. ಗ್ರೀಸು ಮೆತ್ತಿದ ಕೈಯಲ್ಲೇ ಅವಳು ಆ ಟೈ ಹಿಡಿದು ಜಗ್ಗಿದಳು. ಅವನು ಮುಗ್ಗರಿಸಿ ಅವಳ ಭುಜಕ್ಕೇ ಬಂದು ಆತುಕೊಂಡ.

ಒಂದು ಕ್ಷಣ... ಇಬ್ಬರಿಗೂ ಎಂಜಿನ್ನಿನ ಸದ್ದೇ ಕೇಳಿಸಲಿಲ್ಲ. ಅದೇನು ಸಣ್ಣ ಸದ್ದಲ್ಲ. ಆ ಕೋಲ್ಡ್ ಸ್ಟೋರೇಜಿನ ಗೋಡೆಗಳನ್ನೇ ನಡುಗಿಸುವಂಥದ್ದು.

"ನಾನು... ನಿಮ್ಮ ಬಿಲ್ಲು ನೋಡೋಕೆ ಬಂದೆ," ಎಂದ ಅವನು, ಉಸಿರು ಸಿಕ್ಕ ಮೇಲೆ. "ಫೈನಾನ್ಸ್ ಕಂಪನಿಯಿಂದ."

"ಬಿಲ್ಲು ಆಫೀಸಲ್ಲಿರುತ್ತೆ. ಬೆಲ್ಟಿನೊಳಗಲ್ಲ."

"ಅದರಲ್ಲಿ ಬರೆದಿರೋ ಕೆಲಸ ನಿಜವಾಗ್ಲೂ ಆಗಿದೆಯಾ ಅಂತ ನೋಡ್ಬೇಕಲ್ಲ."

"ಆಗಿದ್ದಕ್ಕೇ ಇದು ಓಡ್ತಿರೋದು. ನಿಮ್ಮ ಜೀವ ಉಳಿಸಿದ್ದು ಬಿಲ್ಲಲ್ಲಿಲ್ಲ. ಅದು ಪುಕ್ಕಟೆ!"

ಕಾರ್ಖಾನೆಗಳ ಜನರೇಟರು, ಬಾಯ್ಲರುಗಳನ್ನು ರಿಪೇರಿ ಮಾಡಿಕೊಡುವ ಪುಟ್ಟ ಕಂಪನಿ ಅವಳದು. ಕೆಲಸ ಇವತ್ತು, ಬಿಡಿಭಾಗದ ಖರ್ಚು ಇವತ್ತು, ಸಂಬಳ ತಿಂಗಳು ತಿಂಗಳು. ಗಿರಾಕಿಗಳ ಹಣ ಮಾತ್ರ ಮೂರು ತಿಂಗಳ ಮೇಲೆ. ದೊಡ್ಡ ಗಿರಾಕಿಗಳ ದೊಡ್ಡತನವೇ ಅದು. ಹಾಗಾಗಿ ಅವಳು ಗಿರಾಕಿ ಒಪ್ಪಿದ ಬಿಲ್ಲನ್ನು ಫೈನಾನ್ಸ್ ಕಂಪನಿಗೆ ಕೊಡತೊಡಗಿದ್ದಳು. ಅವರು ಬಹುಪಾಲು ಹಣವನ್ನು ಕೂಡಲೇ ಕೊಡುತ್ತಿದ್ದರು. ಗಿರಾಕಿ ತೀರಿಸಿದ ಮೇಲೆ ತಮ್ಮ ಶುಲ್ಕ ಹಿಡಿದುಕೊಂಡು ಉಳಿದದ್ದನ್ನು ಕೊಡುತ್ತಿದ್ದರು.

ಹಿರಿಯ ಮೆಕ್ಯಾನಿಕ್ಕಾದ ಅವಳ ಸೋದರಮಾವ ಇದನ್ನು ಅರ್ಥಮಾಡಿಕೊಳ್ಳಲು ಒಂದು ಮಧ್ಯಾಹ್ನ ತೆಗೆದುಕೊಂಡ. ಆಮೇಲೆ ಉಳಿದವರಿಗೆಲ್ಲ ತಾನೇ ಪಾಠ ಮಾಡಿದ.

"ಮೂರು ತಿಂಗಳು ಬಿಟ್ಟು ನಡ್ಕೊಂಡು ಬರೋ ದುಡ್ಡನ್ನ ಇವರು ಇವತ್ತೇ ಗಾಡೀಲಿ ಕೂರಿಸ್ಕೊಂಡು ಬರ್ತಾರೆ. ಗಾಡಿ ಬಾಡಿಗೆ ಕೊಡ್ಬೇಕು, ಅಷ್ಟೇ ಕಣ್ರೋ."

ಆ ಗಾಡಿಯ ಚಾಲಕನಾದ ಫೈನಾನ್ಸ್ ಕಂಪನಿಯವನಿಗೆ ಅವಳ ಶೆಡ್ಡಿನ ಮೆಕ್ಯಾನಿಕ್ಕುಗಳು ಟೈ ಜಗ್ಗಿದ ದಿನವೇ 'ಟೈ ಸಾಹೇಬ' ಎಂದು ಹೆಸರಿಟ್ಟರು. ಅವನು ಮತ್ತೆಂದೂ ಟೈ ಕಟ್ಟಿ ಬರಲಿಲ್ಲ. ಹೆಸರು ಮಾತ್ರ ಕಳಚಲಿಲ್ಲ.

ಪ್ರತಿ ಬಿಲ್ಲಿಗೂ ಅವನು ಬಂದ. ದೂರ ನಿಂತು, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನೋಡುವುದನ್ನು ಕಲಿತ. ಒಂದು ದಿನ ತಲೆ ವಾರೆ ಮಾಡಿ, "ಇದರ ಸದ್ದು ಹೋದ ಸಲದ ಥರ ಇಲ್ಲ ಅಲ್ವಾ?" ಎಂದ.

ಇರಲಿಲ್ಲ! ಡೀಸೆಲ್ ಚಿಮ್ಮಿಸುವ ಒಂದು ಇಂಜೆಕ್ಟರು ಕೆಟ್ಟಿತ್ತು.

ಅವಳ ಕಣ್ಣು ಚೆಂದ ಎಂದವರು ಹಿಂದೆಯೂ ಇದ್ದರು. ಅವಳ ಎಂಜಿನ್ನಿನ ಉಸಿರು ಗುರುತು ಹಿಡಿದವನು ಇವನೊಬ್ಬನೇ.

ಅಲ್ಲಿಂದ ಅವಳ ನೆಮ್ಮದಿ ಹಾರಿತು. ಬಿಲ್ಲಿಲ್ಲದ ವಾರ ನಿಂತಲ್ಲಿ ನಿಲ್ಲಲಾರಳು, ಕೂತಲ್ಲಿ ಕೂರಲಾರಳು. ಗೇಟು ಕಿರುಗುಟ್ಟಿದರೆ ತಲೆಯೆತ್ತುವಳು. ಬಿಗಿಯಾಗಿದ್ದ ನಟ್ಟನ್ನೇ ಮತ್ತೆ ಬಿಗಿಮಾಡುವಳು.

"ಆ ನಟ್ಟು ನಿನಗೇನು ಮಾಡ್ತಮ್ಮ?" ಎಂದು ಮಾವ ಕೇಳಿದ.

ಆ ತಿಂಗಳು ಕೋಲ್ಡ್ ಸ್ಟೋರೇಜಿನ ಜನರೇಟರನ್ನು ಪೂರ್ತಿ ಬಿಚ್ಚಿ ಜೋಡಿಸುವ ದೊಡ್ಡ ಕೆಲಸ ಬಂತು. ಒಂದು ಬಿಲ್ಲು ಸಾಕಿತ್ತು. ಅವಳು ಎರಡು ಮಾಡಿದಳು. ಎಂಜಿನ್ನಿನದು ಸೋಮವಾರ, ಕರೆಂಟು ಹುಟ್ಟಿಸುವ ಆಲ್ಟರ್ನೇಟರಿನದು ಗುರುವಾರ.

ಒಂದು ಬಿಲ್ಲಿಗೆ ಒಂದು ಸಲ ಬರುವವನು ಎರಡಕ್ಕೆ ಎರಡು ಸಲ ಬರಬೇಕಲ್ಲ!

ಬಂದ. ಎರಡನೆಯ ಸಲ ಚಹಾ ಆರುವ ತನಕ ಕೂತಿದ್ದ... ಆರಿದ ಮೇಲೂ ಕೂತಿದ್ದ.

ಮರುವಾರ ಫೋನು ಬಂತು. ಧ್ವನಿ ಅವನದೇ, ಅದರೊಳಗೆ ಅವನಿರಲಿಲ್ಲ.

"ಮೇಡಂ, ಒಂದೇ ಕೆಲಸಕ್ಕೆ ಎರಡು ಬಿಲ್ಲು ಯಾಕೆ ಮಾಡಿದ್ರಿ? ಕಾರಣ ಹೇಳೋವರೆಗೆ ಹಣ ಕೊಡೋಕಾಗಲ್ಲ."

ಮೇಡಂ! ಇಷ್ಟು ದಿನ ಅವನು ಅವಳನ್ನು ಏನೆಂದೂ ಕರೆಯುತ್ತಿರಲಿಲ್ಲ. ಆ ಏನೂ ಕರೆಯದಿರುವುದರಲ್ಲಿ ಎಷ್ಟೆಲ್ಲ ಇತ್ತು...

"ನಾನು ಮೋಸ ಮಾಡಿದೀನಿ ಅಂತಾನಾ?"

"ದೊಡ್ಡ ಬಿಲ್ಲಾದ್ರೆ ನಮ್ಮ ಮುಖ್ಯಸ್ಥರು ನೋಡ್ಬೇಕು. ಸಣ್ಣದನ್ನ ನಾನೊಬ್ಬನೇ ಪಾಸು ಮಾಡಬಹುದು. ಹೀಗೆ ಒಡೆದ್ರೆ, ಅವರ ಕಣ್ಣು ತಪ್ಪಿಸೋಕೆ ನಾವಿಬ್ರೂ ಸೇರಿ ಮಾಡಿದ ಹಾಗೆ ಕಾಣುತ್ತೆ."

"ನಿಮಗೂ ಹಾಗೇ ಕಾಣುತ್ತಾ?"

"ಕಾರಣ ಹೇಳಿ, ಮೇಡಂ."

ಅವಳು ಫೋನಿಟ್ಟಳು. ಕಾರಣವಂತೆ ಕಾರಣ! ಕಾರಣವೇ ಫೋನು ಮಾಡಿ ಕಾರಣ ಕೇಳಿದರೆ ಏನೆಂದು ಹೇಳುವುದು?

'ನನ್ನನ್ನ ಕಳ್ಳಿ ಅಂದ್ಕೊಂಡ... ಇಷ್ಟೇನಾ?'

ಅವನು ಮತ್ತೆ ಬರಲಿಲ್ಲ, ಅವಳು ಕರೆಯಲಿಲ್ಲ. ಸಂಬಳದ ದಿನ ಮಾತ್ರ ಯಾರೂ ಕರೆಯದೆಯೇ ಬಂದು ನಾಳೆಗೆ ನಿಂತಿತು. ಎದುರು ಬೀದಿಯ ರಿಪೇರಿ ಕಂಪನಿ ಅವಳ ಮೆಕ್ಯಾನಿಕ್ಕುಗಳಿಗೆ ಆಗಲೇ ಗಾಳ ಹಾಕಿತ್ತು. ಒಂದು ಸಂಬಳ ತಪ್ಪಿದರೆ ಅರ್ಧ ಶೆಡ್ಡು ಖಾಲಿ. ಅರ್ಧ ಶೆಡ್ಡಿನಲ್ಲಿ ಕಂಪನಿ ನಡೆಯದು.

ಅವಳು ಗೇಟಿನಿಂದ ಗೋಡೆಗೆ, ಗೋಡೆಯಿಂದ ಗೇಟಿಗೆ ತಿರುಗುತ್ತಿದ್ದಳು.

"ಅದೇನು ಕಾರಣವೋ ಹೋಗಿ ಹೇಳ್ಬಿಡೆ," ಎಂದ ಮಾವ.

"ಹೇಳೋಕಾಗಲ್ಲ ಮಾವ."

"ಕದ್ದಿದೀಯಾ?"

"ಇಲ್ಲ!"

"ಕದೀದೇ ಇರೋರಿಗೆ ಹೇಳೋಕೆ ನಾಚಿಕೆ ಆಗೋ ಕಾರಣ ಇನ್ನೇನಿರುತ್ತೆ..." ಎನ್ನುತ್ತ ಅವಳ ಮುಖ ನೋಡಿದವನು ಅಲ್ಲಿಗೇ ನಿಂತ. ಮೀಸೆಯಡಿ ನಗು ಹರಡಿತು. "ಓಹೋ! ಪಾಪ, ಆ ನಟ್ಟು."

ಫೈನಾನ್ಸ್ ಕಂಪನಿಯ ಮುಖ್ಯಸ್ಥೆ ಕನ್ನಡಕದ ಮೇಲಿಂದ ಜಗತ್ತನ್ನು ನೋಡುವ ಹೆಂಗಸು. ಅವಳು ಅಂದೇ ಹೋಗಿ ಆಕೆಯ ಮೇಜಿನೆದುರು ಕೂತಾಗ ಅವನು ಗೋಡೆಗೊರಗಿ ನಿಂತಿದ್ದ. ಕಣ್ಣಡಿ ಕಪ್ಪಾಗಿತ್ತು.

"ಹೇಳಿಮ್ಮ, ಏನು ಕಾರಣ?"

"ನಾಳೆ ನಮ್ಮವರಿಗೆ ಸಂಬಳ ಕೊಡ್ಬೇಕು. ಇವರದೇನೂ ತಪ್ಪಿಲ್ಲ. ಇವರಿಗೆ ಗೊತ್ತೂ ಇಲ್ಲ..." ಮಾನ ಹೋದರೆ ತನ್ನೊಬ್ಬಳದು. ಸಂಬಳ ಹೋದರೆ ಎಲ್ಲರದು. "ಒಂದು ಬಿಲ್ಲಿಗೆ ಇವರು ಒಂದು ಸಲ ಬರ್ತಾರೆ. ಎರಡು ಸಲ ಬರ್ಲಿ ಅಂತ... ಎರಡು ಮಾಡ್ದೆ."

ಮುಖ್ಯಸ್ಥೆ ಎರಡೂ ಬಿಲ್ಲುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರು.

"ಅಂದ್ರೆ, ಎರಡೆರಡು ಸಲ ತಪಾಸಣೆ ಆಗ್ಲಿ ಅಂತಾನಾ?"

"ಅಲ್ಲ! ಎರಡು ಸಲ ನೋಡೋಣ ಅಂತ... ಇವರನ್ನ."

ಮುಖ್ಯಸ್ಥೆ ಪೆನ್ನು ಕೆಳಗಿಟ್ಟರು. "ಇಷ್ಟು ವರ್ಷದಲ್ಲಿ ಈ ಕಾರಣ ಕೇಳಿರಲಿಲ್ಲ ನೋಡಿ." ನಂತರ ಕನ್ನಡಕ ಗೋಡೆಯತ್ತ ತಿರುಗಿತು. "ಅದಿರಲಿ, ತಪಾಸಣೆ ಅಂದ್ರೆ ಗಿರಾಕಿಗೆ ಒಂದು ಫೋನು. ನೀನ್ಯಾಕಪ್ಪ ಅಲ್ಲಿಗೆ ಹೋಗ್ತಿದ್ದೆ?"

ಅವನ ಕಿವಿಗಳು ಕೆಂಪಾದವು. "ಹೊಸಬರು ಅಂತ ಮೊದಲ ಸಲ ಹೋಗಲೇಬೇಕಿತ್ತು. ಆಮೇಲೆ... ಫೋನೇ ಸಾಕಿತ್ತು."

"ಆದ್ರೂ ಹೋದೆ?"

"ಪ್ರತಿ ಸಲವೂ."

ಲೋಡು ಬಿದ್ದ ಎಂಜಿನ್ನಿನಂತೆ ಅವಳ ಎದೆ ಒಮ್ಮೆ ಕುಸಿದು, ಮತ್ತೆ ವೇಗ ಹಿಡಿಯಿತು.

ಮುಖ್ಯಸ್ಥೆ ಅಲ್ಲೇ ಕೋಲ್ಡ್ ಸ್ಟೋರೇಜಿಗೆ ಫೋನು ಹಚ್ಚಿ, ಕೆಲಸ ಆಗಿದೆಯೆಂದು ಖಚಿತಮಾಡಿಕೊಂಡರು. "ಎರಡನ್ನೂ ರದ್ದು ಮಾಡಿ ಒಂದೇ ಬಿಲ್ಲು ತನ್ನಿ. ನಾನೇ ಪಾಸು ಮಾಡ್ತೀನಿ, ನಾಳೆ ಸಂಬಳ ತಪ್ಪಲ್ಲ." ಅವನತ್ತ ತಿರುಗಿದರು. "ನೀನು ಇವತ್ತಿಂದ ಇವರ ಫೈಲಿನ ಹತ್ರ ಸುಳೀಬಾರದು." ಕ್ಷಣ ಬಿಟ್ಟು ಸೇರಿಸಿದರು, "ಫೈಲಿನ ಹತ್ರ ಅಂದೆ."

ಮೆಟ್ಟಿಲಿಳಿಯುವಾಗ ಅವನು ಮೆಲ್ಲಗೆ ಹೇಳಿದ, "ಅವತ್ತು ಫೋನು ಮಾಡಿದಾಗ ಅವರು ಪಕ್ಕದಲ್ಲೇ ಕೂತಿದ್ರು."

"ನನ್ನನ್ನ ಕಳ್ಳಿ ಅಂದ್ಕೊಂಡ್ರಿ ಅಂತ..."

"ನನ್ನ ಭಯ ಬೇರೆ ಇತ್ತು. ಬಿಲ್ಲು ಪಾಸಾಗ್ಲಿ ಅಂತಷ್ಟೇ ನಕ್ಕೊಂಡು ಚಹಾ ಕೊಡ್ತಿದ್ರೇನೋ ಅಂತ. ನಿದ್ದೆ ಮಾಡಿಲ್ಲ ನಾನು."

"ಮಾವ ಹೇಳೋ ಗಾಡಿ ಬಾಡಿಗೇಲಿ ಚಹಾ ಸೇರಿರಲಿಲ್ಲ," ಎಂದಳು ಅವಳು. ನಗಲು ಹೋಗಿ ಕಣ್ಣು ತುಂಬಿತು.

"ಇನ್ನು ನಿಮ್ಮ ಬಿಲ್ಲು ನೋಡೋಕೆ ನಾನು ಬರೋ ಹಾಗಿಲ್ಲ."

"ಬಿಲ್ಲಿಲ್ಲದೇ ಬನ್ನಿ. ಭಾನುವಾರ, ಮನೆಗೆ. ಮಾವ ಇರ್ತಾರೆ." ತಡೆದು ಹೇಳಿದಳು, "ಟೈ ಕಟ್ಕೊಂಡು ಬನ್ನಿ."

"ಮತ್ತೆ ಬೆಲ್ಟಿಗೆ ಸಿಕ್ಕಿದ್ರೆ?"

"ಹೇಗೆ ಸಿಗುತ್ತೆ?" ಎಂದಳು ಅವಳು. "ಅದರ ತುದಿ ನನ್ನ ಕೈಲಿರುತ್ತಲ್ಲ!"